ರಾಯಭಾರಿಯಾಗಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪ

ಕೊಡಗಿನ ಕೊಡಂದೇರ ಮಾದಪ್ಪ ಕಾರ್ಯಪ್ಪನವರು (1899–1993) ಭಾರತೀಯ ಭೂಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರೆಂಬುದು ಸರ್ವವಿದಿತ. ಅವರು ಅಧಿಕಾರ ವಹಿಸಿಕೊಂಡ 1949ರ ಜನವರಿ 15ರ ನೆನಪಿಗಾಗಿಯೇ ಪ್ರತಿವರ್ಷ ಸೇನಾ ದಿನಾಚರಣೆ ನಡೆಯುತ್ತದೆ. ಆದರೆ ನಿವೃತ್ತಿಯ ಬಳಿಕ ಅವರು ರಾಯಭಾರಿಯಾಗಿಯೂ ದುಡಿದರೆಂಬುದನ್ನು ನಾವು ಅಷ್ಟಾಗಿ ಸ್ಮರಿಸುವುದಿಲ್ಲ.

ಶನಿವಾರಸಂತೆಯಲ್ಲಿ ಜನಿಸಿದ ಕಾರ್ಯಪ್ಪನವರು ಇಂದೋರಿನಲ್ಲಿ ತರಬೇತಿ ಪಡೆದು 1919ರಲ್ಲಿ ಸೇನಾಧಿಕಾರಿಯಾದರು. ಅವರು ಮೊದಲು ಸೇರಿದ್ದು ನಮ್ಮ ಮುಂಬಯಿಯಲ್ಲಿದ್ದ ಕರ್ನಾಟಿಕ್ ಇನ್‌ಫೆಂಟ್ರಿಯ ದಳವನ್ನು. ದ್ವಿತೀಯ ಮಹಾಯುದ್ಧದಲ್ಲಿ ಇರಾಕ್, ಸಿರಿಯಾ, ಇರಾನ್‌ಗಳಲ್ಲಿಯೂ ಅನಂತರ ಬರ್ಮಾದಲ್ಲಿಯೂ ಸೇವೆ ಸಲ್ಲಿಸಿದರು. 1942ರಲ್ಲಿ ಬೆಟಾಲಿಯನ್ ಒಂದರ ನಾಯಕತ್ವ ಅವರಿಗೆ ದೊರೆಯಿತು. ಭಾರತೀಯನೊಬ್ಬನಿಗೆ ಅಂತಹ ಹೊಣೆ ಸಂದುದು ಅದೇ ಮೊದಲು.

1953ರಲ್ಲಿ ಸೇನೆಯಿಂದ ನಿವೃತ್ತರಾದ ಅವರನ್ನು ಸರಕಾರವು ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಿಗೆ ಹೈಕಮಿಷನರ್ ಆಗಿ ಕಳುಹಿಸಿತು. 1956ರವರೆಗೆ ಅವರು ಅಲ್ಲಿದ್ದರು. ಬಿಳಿಯರಲ್ಲದವರಿಗೆ ನೆಲೆಸಲು ಅವಕಾಶ ಕೊಡದ ವಲಸೆ ನೀತಿ ಆಗ ಆಸ್ಟ್ರೇಲಿಯದಲ್ಲಿ ಜಾರಿಯಲ್ಲಿತ್ತು. ಆತಿಥೇಯ ದೇಶದ ಕಾನೂನನ್ನು ಬಹಿರಂಗವಾಗಿ ಟೀಕಿಸಬಾರದೆಂಬುದು ರಾಯಭಾರಿಗಳ ಪದ್ಧತಿ. ಕಾರ್ಯಪ್ಪನವರು ಟೀಕಿಸಿದರು. ಈ ನೀತಿ ಏಷ್ಯಾದ ಜನರ ಮನಸ್ಸನ್ನು ದೂರ ಮಾಡುತ್ತದೆಂದು ಸಾರ್ವಜನಿಕವಾಗಿಯೇ ಹೇಳಿದರು, ವಿವಾದವೂ ಎದ್ದಿತು. ಶಿಷ್ಟಾಚಾರದ ದೃಷ್ಟಿಯಿಂದ ಅದು ತಪ್ಪೆನ್ನುವವರು ಇರಬಹುದು. ನಮಗಂತೂ ಅವರ ಇಡೀ ವೃತ್ತಿಜೀವನದ ಅತ್ಯಂತ ಧೀರ ಕಾರ್ಯಗಳಲ್ಲಿ ಇದೂ ಒಂದೆಂದು ತೋರುತ್ತದೆ. ಆ ನೀತಿಯ ಕೊನೆಯ ಅವಶೇಷಗಳು ಅಳಿದದ್ದು 1973ರಲ್ಲಿ. ಘಾಟ್ಕೋಪರಿನ ನಮ್ಮ ನೆರೆಹೊರೆಯ ಮಕ್ಕಳು ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಮನೆ ಮಾಡಿರುವ ಸುದ್ದಿ ಕೇಳುವಾಗ ನಮಗೆ ಈ ಪ್ರಸಂಗ ನೆನಪಾಗುತ್ತದೆ.

1965ರ ಯುದ್ಧದಲ್ಲಿ ಅವರ ಪುತ್ರ, ವಾಯುಸೇನೆಯ ಕೆ.ಸಿ. ಕಾರ್ಯಪ್ಪ, ಪಾಕಿಸ್ತಾನದಲ್ಲಿ ಸೆರೆಯಾದರು. ಅವಿಭಕ್ತ ಸೇನೆಯಲ್ಲಿ ತಮಗಿಂತ ಕಿರಿಯರಾಗಿದ್ದ ಅಧ್ಯಕ್ಷ ಅಯೂಬ್ ಖಾನರು ಮಗನ ಬಿಡುಗಡೆಯ ಮಾತೆತ್ತಿದಾಗ, ಸೆರೆಯಲ್ಲಿರುವ ಯೋಧರೆಲ್ಲರೂ ತಮ್ಮ ಮಕ್ಕಳೇ ಎಂದು ತಂದೆ ವಿಶೇಷ ರಿಯಾಯಿತಿಯನ್ನು ನಿರಾಕರಿಸಿದ ಸಂಗತಿ ಪ್ರಸಿದ್ಧವಾಗಿದೆ.

ಚುನಾವಣೆ ಮಾತ್ರ ಅವರಿಗೆ ಒಗ್ಗಲಿಲ್ಲ. 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ದಕ್ಷಿಣದವರ ವಿರುದ್ಧ ಚಳವಳಿ ಹೂಡಿದ್ದ ಶಿವಸೇನೆಯೇ ಕೊಡಗಿನ ಈ ದಂಡನಾಯಕರನ್ನು ಬೆಂಬಲಿಸಿದ್ದು ಆ ಕಾಲದ ಸೋಜಿಗ. 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಸಂದಾಗ ಅವರಿಗೆ 87 ವರ್ಷ. 1993ರ ಮೇ 15ರಂದು ಬೆಂಗಳೂರಿನಲ್ಲಿ ನಿಧನರಾದರು.