ಲೈಸೆನ್ಸ್ ಪುಸ್ತಕ ಹೋಯ್ತು, ಯಜಮಾನಿಕೆ ಯಾರ ಪಾಲಾಯ್ತು?

ನಮ್ಮ ಮನೆಯ ಹಳೇ ಟ್ರಂಕಿನಲ್ಲಿ ಅಪ್ಪನ ಕಾಲದ ಒಂದು ಸಣ್ಣ ಪುಸ್ತಕ ಇನ್ನೂ ಇದೆ. ಬ್ಯಾಂಕ್ ಪಾಸ್‌ಬುಕ್ ಅಲ್ಲ, ರೇಷನ್ ಕಾರ್ಡೂ ಅಲ್ಲ. ರೇಡಿಯೊ ಲೈಸೆನ್ಸ್ ಪುಸ್ತಕ. ವರ್ಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋಗಿ 15 ರೂಪಾಯಿ ಕಟ್ಟಿದರೆ ಅದರೊಳಗೆ ಸ್ಟ್ಯಾಂಪ್ ಅಂಟಿಸಿ, ಮೇಲೆ ಮೊಹರು ಒತ್ತಿ ಕೊಡೋರು. ಈಗಿನ ಮಕ್ಕಳಿಗೆ ಇದನ್ನ ತೋರಿಸಿದರೆ ನಗ್ತಾರೆ. "ರೇಡಿಯೊ ಕೇಳೋಕೆ ಲೈಸೆನ್ಸಾ? ಅದೇನು ಬಂದೂಕಾ?" ಅಂತ ಕೇಳ್ತಾರೆ.

ಹೌದು, ಬೇಕಿತ್ತು. ಲೈಸೆನ್ಸ್ ಇಲ್ಲದೆ ರೇಡಿಯೊ ಇಟ್ಕೊಂಡರೆ ಅದು ಅಪರಾಧ. ತಪಾಸಣೆಯವರು ಬರ್ತಾರಂತೆ ಅನ್ನೋ ಸುದ್ದಿ ಬಂದ ದಿನ ನಮ್ಮೂರಿನ ಎಷ್ಟೋ ಮನೆಗಳಲ್ಲಿ ರೇಡಿಯೊಗಳು ಮಾಯ ಆಗಿಬಿಡ್ತಿದ್ದವು. ಒಬ್ಬರು ರಾಗಿ ವಾಡೆಯೊಳಗೆ ಬಚ್ಚಿಟ್ಟರು, ಆದರೆ ಗಾಬರಿಯಲ್ಲಿ ಸ್ವಿಚ್ ಆಫ್ ಮಾಡೋದನ್ನ ಮರೆತರು, ಬಂದವರ ಎದುರಿಗೇ ವಾಡೆಯೊಳಗಿಂದ ಪ್ರದೇಶ ಸಮಾಚಾರ ಕೇಳಿಸ್ತು ಅಂತ ಊರಲ್ಲಿ ಕಥೆ ಹೇಳಿಕೊಂಡು ನಗ್ತಿದ್ದರು. ನಿಜವೋ ಸುಳ್ಳೋ, ನಾನಂತೂ ನಂಬಿದ್ದೆ.

ಈ ಪುಸ್ತಕ ಈಗ ಯಾಕೆ ನೆನಪಾಯ್ತು? ನಾವು ಟ್ರಂಕಿಗೆ ಹಾಕಿ ಮರೆತ ಇದೇ ಲೈಸೆನ್ಸ್, ಬ್ರಿಟನ್ನಿನಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ. ಅಲ್ಲಿ ಒಂದು ಮನೆ ಟಿವಿ ನೋಡಬೇಕು ಅಂದರೆ ವರ್ಷಕ್ಕೊಮ್ಮೆ ಶುಲ್ಕ ಕಟ್ಟಬೇಕು, 2025ರ ಏಪ್ರಿಲ್‌ನಲ್ಲಿ ಅದು 174.50 ಪೌಂಡ್ ಆಗಿತ್ತು. ಕಟ್ಟದೆ ನೋಡಿ ಸಿಕ್ಕಿಬಿದ್ದರೆ ಸಾವಿರ ಪೌಂಡ್‌ವರೆಗೆ ದಂಡ. ಹೀಗೆ ಬರುವ ವರ್ಷಕ್ಕೆ ಸುಮಾರು 380 ಕೋಟಿ ಪೌಂಡ್ ಹಣದಲ್ಲಿ ಬಿಬಿಸಿ ನಡೀತಿದೆ. ಈ ವ್ಯವಸ್ಥೆಗೆ ಆಧಾರವಾಗಿರುವ ರಾಜಸನ್ನದು 2027ರ ಡಿಸೆಂಬರ್ 31ಕ್ಕೆ ಮುಗಿಯುತ್ತೆ. ಮುಂದೆ ಏನು ಅನ್ನೋದು ಅಲ್ಲಿ ದೊಡ್ಡ ಜಗಳ. ಅದು ಅವರ ಜಗಳ ಅಂತ ನಾವು ಸುಮ್ಮನಿರೋ ಹಾಗಿಲ್ಲ. ಯಾಕೆ ಅನ್ನೋದನ್ನ ಹೇಳ್ತೀನಿ. ಮೊದಲು ಸ್ವಲ್ಪ ಇತಿಹಾಸ ನೋಡೋಣ.

ಬ್ರಿಟನ್ನಿನಲ್ಲಿ ರೇಡಿಯೊ ಲೈಸೆನ್ಸ್ ಶುರುವಾಗಿದ್ದು 1922ರ ನವೆಂಬರ್‌ನಲ್ಲಿ, ವರ್ಷಕ್ಕೆ 10 ಶಿಲಿಂಗ್. ಆಗ ಬಿಬಿಸಿ ಒಂದು ಖಾಸಗಿ ಕಂಪನಿ. 1926ರಲ್ಲಿ ಅಲ್ಲಿ ಸಾರ್ವತ್ರಿಕ ಮುಷ್ಕರ ಆಯ್ತು. ಒಂಬತ್ತು ದಿನ ದೇಶವೇ ನಿಂತುಹೋಯ್ತು. ಪತ್ರಿಕೆಗಳೂ ಸರಿಯಾಗಿ ಅಚ್ಚಾಗಲಿಲ್ಲ, ಜನಕ್ಕೆ ಉಳಿದಿದ್ದು ರೇಡಿಯೊ ಒಂದೇ. ಆಗ ಮಂತ್ರಿಯಾಗಿದ್ದ ಚರ್ಚಿಲ್, ಬಿಬಿಸಿಯನ್ನ ಸರ್ಕಾರ ವಶಕ್ಕೆ ತಗೋಬೇಕು ಅಂತ ಪಟ್ಟು ಹಿಡಿದರು. ಬಿಬಿಸಿ ಮುಖ್ಯಸ್ಥ ಜಾನ್ ರೀತ್ ಒಪ್ಪಲಿಲ್ಲ. ಹಾಗಂತ ಅವರನ್ನ ಹೀರೋ ಮಾಡಿಬಿಡಬೇಡಿ. ವಿರೋಧ ಪಕ್ಷದ ನಾಯಕ ರಾಮ್ಸೆ ಮ್ಯಾಕ್‌ಡೊನಾಲ್ಡ್‌ಗೆ ಆಗ ಬಿಬಿಸಿಯಲ್ಲಿ ಮಾತಾಡೋಕೆ ಅವಕಾಶ ಸಿಗಲಿಲ್ಲ. ಆದರೂ ಸಂಸ್ಥೆ ಸರ್ಕಾರದ ಇಲಾಖೆ ಆಗದೆ ಉಳೀತು. 1927ರ ಜನವರಿ 1ರಂದು ರಾಜಸನ್ನದಿನ ಮೂಲಕ ಸಾರ್ವಜನಿಕ ನಿಗಮ ಆಯ್ತು. ಹಣ ಕೇಳುಗರದ್ದು, ಆಡಳಿತ ಸರ್ಕಾರದಿಂದ ದೂರ. ಇದು ಅವರ ಲೆಕ್ಕಾಚಾರ.

ಅದೇ 1927ರಲ್ಲಿ ನಮ್ಮಲ್ಲಿ ಏನಾಯ್ತು? ಜುಲೈ 23ರಂದು ಮುಂಬೈನಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಕೇಂದ್ರ ಶುರುವಾಯ್ತು. ಉದ್ಘಾಟನೆಗೆ ವೈಸರಾಯ್ ಲಾರ್ಡ್ ಇರ್ವಿನ್ ಬಂದಿದ್ದರು. ಮುಂದಿನ ತಿಂಗಳೇ ಕಲ್ಕತ್ತಾ ಕೇಂದ್ರ. ಇದೂ ಖಾಸಗಿ ಕಂಪನಿಯೇ. ಲೈಸೆನ್ಸ್ ಶುಲ್ಕ ವರ್ಷಕ್ಕೆ 10 ರೂಪಾಯಿ, ಅದರಲ್ಲಿ ನೂರಕ್ಕೆ 80ರಷ್ಟು ಕಂಪನಿಗೆ. ಕಾಗದದ ಮೇಲೆ ಲೆಕ್ಕ ಚೆನ್ನಾಗಿತ್ತು. ಆದರೆ ಇಷ್ಟು ದೊಡ್ಡ ದೇಶದಲ್ಲಿ ಲೈಸೆನ್ಸ್ ತಗೊಂಡವರ ಸಂಖ್ಯೆ 8 ಸಾವಿರವನ್ನೂ ಮುಟ್ಟಲಿಲ್ಲ. ರೇಡಿಯೊ ಸೆಟ್ ವಿಪರೀತ ದುಬಾರಿ, ಇದ್ದವರಲ್ಲೂ ಶುಲ್ಕ ತಪ್ಪಿಸಿಕೊಳ್ಳೋರು ಬೇಕಾದಷ್ಟು ಜನ. ಮೂರು ವರ್ಷ ತುಂಬೋ ಮೊದಲೇ, 1930ರಲ್ಲಿ ಕಂಪನಿ ದಿವಾಳಿ. ಸರ್ಕಾರ ಅದನ್ನ ಕೈಗೆ ತಗೊಂಡಿತು. 1936ರಲ್ಲಿ ಅದಕ್ಕೆ ಆಲ್ ಇಂಡಿಯಾ ರೇಡಿಯೊ ಅನ್ನೋ ಹೆಸರು ಬಂತು.

ವ್ಯತ್ಯಾಸ ಗಮನಿಸಿ. ಅಲ್ಲಿ ಕೇಳುಗರ ಹಣ ಸಾಕಾಯ್ತು, ಸಂಸ್ಥೆ ನಿಗಮ ಆಯ್ತು. ಇಲ್ಲಿ ಹಣ ಸಾಲಲಿಲ್ಲ, ಸಂಸ್ಥೆ ಸರ್ಕಾರದ ಇಲಾಖೆ ಆಯ್ತು. ನಮ್ಮ ಪ್ರಸಾರದ ಹಣೆಬರಹ ಬರೆದದ್ದು ಆ ಎಂಟು ಸಾವಿರದ ಲೆಕ್ಕ.

ಇಲ್ಲಿ ನಮ್ಮ ಮೈಸೂರಿನ ಮಾತು ಬಾರದೆ ಇರೋಕೆ ಸಾಧ್ಯವೇ ಇಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಸಣ್ಣದೊಂದು ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. ಅದಕ್ಕೆ 'ಆಕಾಶವಾಣಿ' ಅಂತ ಹೆಸರು. ಇವತ್ತು ಇಡೀ ದೇಶ ಹೇಳುವ ಹೆಸರು ಹೀಗೆ ಮೈಸೂರಿನ ಒಂದು ಮನೆಯಿಂದ ಹೋಗಿದ್ದು. ಆ ಮೇಷ್ಟ್ರು ಯಾರ ಲೈಸೆನ್ಸ್ ಹಣವನ್ನೂ ಕಾಯಲಿಲ್ಲ, ತಮ್ಮ ಕೈಯಿಂದಲೇ ಖರ್ಚು ಮಾಡಿದರು. ಆದರೆ ಒಬ್ಬರ ಜೇಬು ಎಷ್ಟು ದಿನ ತಡೆದೀತು? 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನ ಅದನ್ನ ವಹಿಸಿಕೊಂಡಿತು. 1955ರಲ್ಲಿ ಕೇಂದ್ರ ಬೆಂಗಳೂರಿಗೆ ಬಂತು. ಕೊನೆಗೆ ಇಲ್ಲೂ ಖರ್ಚು ಸರ್ಕಾರದ ಹೆಗಲಿಗೇ ಬಂತು.

ಟಿವಿ ನಮ್ಮಲ್ಲಿ ಶುರುವಾಗಿದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ. ಕರ್ನಾಟಕದ ಹಳ್ಳಿಗಳು ಟಿವಿ ಕಂಡಿದ್ದು 1975ರಲ್ಲಿ. ಅಮೆರಿಕದ ಉಪಗ್ರಹ ಎರವಲು ಪಡೆದು ಇಸ್ರೊ ನಡೆಸಿದ 'ಸೈಟ್' ಅನ್ನೋ ಪ್ರಯೋಗ ಅದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು, ಅದರಲ್ಲಿ ನಮ್ಮ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಊರಿಗೊಂದು ಟಿವಿ, ಮುಂದೆ ಊರಿಗೆ ಊರೇ ಕೂತು ನೋಡೋದು. ಬೆಂಗಳೂರಿನ ಮನೆಗಳಿಗಿಂತ ಮೊದಲು ಟಿವಿ ನೋಡಿದ್ದು ಕಲ್ಯಾಣ ಕರ್ನಾಟಕದ ರೈತ. ಅವನ ಹತ್ತಿರ ಯಾರೂ ಲೈಸೆನ್ಸ್ ಕೇಳಲಿಲ್ಲ. ಒಂದು ವರ್ಷ ಆಯ್ತು, ಉಪಗ್ರಹದ ಗಡುವು ಮುಗೀತು.

ಮನೆಯಲ್ಲಿ ಟಿವಿ ಇದ್ದವರಿಗೆ ಶುಲ್ಕ ವರ್ಷಕ್ಕೆ 50 ರೂಪಾಯಿ. ಜತೆಗೆ ಜಾಹೀರಾತೂ ಬಂತು. 1967ರಲ್ಲಿ ವಿವಿಧ ಭಾರತಿಗೆ, 1976ರಲ್ಲಿ ದೂರದರ್ಶನಕ್ಕೆ. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣವೂ ಬಂತು. ಟಿವಿಗಳ ಸಂಖ್ಯೆ ಏರಿತು, ಜಾಹೀರಾತಿನ ಹಣ ಏರಿತು. 1980ರ ದಶಕದ ನಡುವೆ ಸರ್ಕಾರ ಲೈಸೆನ್ಸನ್ನೇ ತೆಗೆದುಹಾಕಿತು. ನಮ್ಮಪ್ಪ ಆ ಪುಸ್ತಕವನ್ನ ಟ್ರಂಕಿಗೆ ಹಾಕಿ, "ಸದ್ಯ, ಒಂದು ಪೀಡೆ ಕಳೀತು" ಅಂದರು. ಇಡೀ ದೇಶ ಹಾಗೇ ಅಂದಿತು.

ಈಗ ನನ್ನ ಪ್ರಶ್ನೆ ಇದು. ಆ ಪೀಡೆಯ ಜತೆಗೆ ಇನ್ನೇನಾದರೂ ಹೋಯ್ತಾ?

ಹೋಯ್ತು ಅಂತ ಸಲೀಸಾಗಿ ಹೇಳಿಬಿಡಬಹುದು. 'ನಾನು ದುಡ್ಡು ಕೊಟ್ಟಿದ್ದೀನಿ, ಆದ್ದರಿಂದ ನೀನು ನನಗೆ ಉತ್ತರ ಕೊಡಬೇಕು' ಅಂತ ಕೇಳುವ ಹಕ್ಕು ಹೋಯ್ತು ಅಂತ. ಆದರೆ ಪ್ರಾಮಾಣಿಕವಾಗಿ ಹೇಳೋದಾದರೆ, ಆ ಹಕ್ಕು ನಮಗೆ ಇತ್ತೇ? ಶುಲ್ಕ ವಸೂಲಿ ಮಾಡ್ತಿದ್ದದ್ದು ಸರ್ಕಾರ, ಪ್ರಸಾರ ಮಾಡ್ತಿದ್ದದ್ದೂ ಸರ್ಕಾರವೇ. 1975ರ ಜೂನ್ 26ರ ಬೆಳಗ್ಗೆ ತುರ್ತುಪರಿಸ್ಥಿತಿಯ ಸುದ್ದಿಯನ್ನ ಇಂದಿರಾ ಗಾಂಧಿಯವರು ಹೇಳಿದ್ದು ಆಕಾಶವಾಣಿಯಲ್ಲೇ. ಮುಂದಿನ 21 ತಿಂಗಳು ಆ ಮೈಕಿನಲ್ಲಿ ಕೇಳಿಸಿದ್ದು ಸರ್ಕಾರದ ಮಾತು. ಆಗಲೂ ಜನ ಪೋಸ್ಟಾಫೀಸಿನ ಕ್ಯೂನಲ್ಲಿ ನಿಂತು 15 ರೂಪಾಯಿ ಕಟ್ಟಿದ್ದರಲ್ಲ? ಜೈಲಿನಲ್ಲಿದ್ದವರ ಮನೆಯವರೂ ಕಟ್ಟಿದ್ದರು. ಅಂದರೆ ಬರೀ ಹಣ ಕೊಟ್ಟರೆ ಯಜಮಾನಿಕೆ ಬರೋದಿಲ್ಲ. ಹಣದ ಜತೆಗೆ ಸರ್ಕಾರದ ಕೈಗೆ ಸಿಗದ ಒಂದು ವ್ಯವಸ್ಥೆಯೂ ಇರಬೇಕು. ಬ್ರಿಟನ್ನಿನವರು ಎರಡನ್ನೂ ಅರೆಬರೆಯಾಗಿಯಾದರೂ ಉಳಿಸಿಕೊಂಡರು. ನಾವು ಒಂದನ್ನ ಕೈಬಿಟ್ಟೆವು, ಇನ್ನೊಂದನ್ನ ಕಟ್ಟಲೇ ಇಲ್ಲ.

ಕಟ್ಟೋ ಪ್ರಯತ್ನ ಆಗಲಿಲ್ಲ ಅಂತಲ್ಲ. 1990ರಲ್ಲೇ ಪ್ರಸಾರ ಭಾರತಿ ಕಾಯ್ದೆ ಪಾಸಾಯ್ತು. ಜಾರಿಗೆ ಬರೋಕೆ 1997 ಆಗಬೇಕಾಯ್ತು. ಏಳು ವರ್ಷ! ನಡುವೆ, 1995ರಲ್ಲಿ ಕ್ರಿಕೆಟ್ ಪ್ರಸಾರದ ಒಂದು ಜಗಳದಲ್ಲಿ ಸುಪ್ರೀಂ ಕೋರ್ಟ್ ಐತಿಹಾಸಿಕ ತೀರ್ಪು ಕೊಟ್ಟಿತು. ರೇಡಿಯೊ, ಟಿವಿ ಹೋಗೋ ತರಂಗಗಳು ಸಾರ್ವಜನಿಕ ಆಸ್ತಿ, ಸರ್ಕಾರದ ಸ್ವತ್ತಲ್ಲ ಅಂತ. ನಮ್ಮಂಥ ಚಾನೆಲ್‌ಗಳು ಇವತ್ತು ಉಸಿರಾಡ್ತಿರೋದಕ್ಕೆ ಬಲ ಕೊಟ್ಟ ತೀರ್ಪು ಅದು. ಆದರೆ ಪ್ರಸಾರ ಭಾರತಿಯ ಸಂಬಳದ ಹಣ ಇವತ್ತಿಗೂ ಬರೋದು ಕೇಂದ್ರದ ಬಜೆಟ್‌ನಿಂದ. ಸಂಬಳ ಕೊಡುವವನ ಮುಖ ನೋಡದೆ ಮಾತಾಡೋದು ಎಷ್ಟು ಕಷ್ಟ ಅನ್ನೋದು ನೌಕರಿ ಮಾಡೋ ಪ್ರತಿಯೊಬ್ಬರಿಗೂ ಗೊತ್ತು.

ಇಲ್ಲಿಗೆ ಕಥೆ ಮುಗಿದಿದ್ದರೆ ಇದು ಬರೀ ಹಳೇ ನೆನಪು ಆಗ್ತಿತ್ತು. ಈಗ ಮನೆಗೆ ಮೂರನೆಯವನು ಬಂದಿದ್ದಾನೆ. ಸರ್ಕಾರವೂ ಅಲ್ಲ, ವೀಕ್ಷಕನೂ ಅಲ್ಲ. ಅವನ ಹೆಸರು ಯೂಟ್ಯೂಬ್.

ಮತ್ತೆ ಬ್ರಿಟನ್ನಿಗೆ ಬನ್ನಿ. 2007ರ ಮಾರ್ಚ್‌ನಲ್ಲೇ ಬಿಬಿಸಿ ಯೂಟ್ಯೂಬ್ ಜತೆ ಒಪ್ಪಂದ ಮಾಡಿಕೊಂಡು ತನ್ನ ತುಣುಕುಗಳನ್ನ ಅಲ್ಲಿ ಹಾಕತೊಡಗಿತು. ಅದೇ ವರ್ಷ ಕ್ರಿಸ್‌ಮಸ್ ದಿನ ತನ್ನದೇ ಐಪ್ಲೇಯರ್ ಶುರು ಮಾಡಿತು. ಯಾವಾಗ ಬೇಕಾದರೂ ನೋಡಬಹುದು. ಆಗ ಕೆಲವರು ಕೇಳಿದರು: ನಾನು ಟಿವಿಯಲ್ಲಿ ಲೈವ್ ನೋಡೋದೇ ಇಲ್ಲ, ಐಪ್ಲೇಯರ್‌ನಲ್ಲಿ ಆಮೇಲೆ ನೋಡ್ತೀನಿ, ಲೈಸೆನ್ಸ್ ಯಾಕೆ? 2016ರ ಸೆಪ್ಟೆಂಬರ್‌ನಲ್ಲಿ ಆ ಕಿಂಡಿ ಮುಚ್ಚಿದರು. ಐಪ್ಲೇಯರ್ ನೋಡೋಕೂ ಲೈಸೆನ್ಸ್ ಕಡ್ಡಾಯ. ಆದರೆ ಅದೇ ಬಿಬಿಸಿಯ ವಿಡಿಯೊ ಯೂಟ್ಯೂಬ್‌ಗೆ ಹಾಕಿದ ಮೇಲೆ ನೋಡಿದರೆ ಲೈಸೆನ್ಸ್ ಬೇಡ! ಸ್ವಂತ ಅಂಗಡಿಗೆ ಬಂದರೆ ಟಿಕೆಟ್, ಪಕ್ಕದ ಸಂತೆಯಲ್ಲಿ ಅದೇ ಸರಕು ಪುಕ್ಕಟೆ. ಅಂಗಡಿ ಎಷ್ಟು ದಿನ ನಡೆದೀತು, ನೀವೇ ಹೇಳಿ.

ಹಾಗಂತ ಸಂತೆಗೆ ಹೋಗದೆ ಇರೋ ಹಾಗೂ ಇಲ್ಲ. 2016ರಲ್ಲಿ ಬಿಬಿಸಿ ಯುವಕರ ಚಾನೆಲ್ ಬಿಬಿಸಿ ತ್ರೀಯನ್ನ ಟಿವಿಯಿಂದ ತೆಗೆದು ಆನ್‌ಲೈನ್‌ಗೆ ಮಾತ್ರ ಸೀಮಿತ ಮಾಡಿತು. ಆರು ವರ್ಷ ಕಳೆದು 2022ರಲ್ಲಿ ಮತ್ತೆ ಟಿವಿಗೆ ತಂದಿತು. ಅಂದರೆ ದಾರಿ ಯಾವುದು ಅಂತ ಅವರಿಗೂ ಸ್ಪಷ್ಟ ಇರಲಿಲ್ಲ. 2025ರ ಜುಲೈನಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಹೇಳಿದ ಸತ್ಯ ಏನು ಗೊತ್ತಾ? ಮನೆಗಳಲ್ಲಿ ಬಿಬಿಸಿಯ ನಂತರ ಅತಿ ಹೆಚ್ಚು ನೋಡುವುದು ಯೂಟ್ಯೂಬನ್ನ, ಐಟಿವಿ ಕೂಡ ಅದರ ಹಿಂದೆ. ಸಾರ್ವಜನಿಕ ಪ್ರಸಾರಕರ ಕಾರ್ಯಕ್ರಮ ಯೂಟ್ಯೂಬ್‌ನಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವ ಹಾಗೆ ಮಾಡಬೇಕು, ಬೇಕಾದರೆ ಕಾನೂನು ತನ್ನಿ ಅಂತಲೂ ಅದು ಶಿಫಾರಸು ಮಾಡಿತು. ನೂರು ವರ್ಷದ ಬಿಬಿಸಿ ಬೇರೆಯವರ ಜಗಲಿಯಲ್ಲಿ ಒಂದು ಮಣೆ ಕೇಳುವ ಸ್ಥಿತಿ!

ಬೇರೆ ದೇಶಗಳೂ ದಾರಿ ಹುಡುಕ್ತಿವೆ. ಜರ್ಮನಿ 2013ರಿಂದ ಟಿವಿ ಇರಲಿ ಬಿಡಲಿ, ಮನೆಗೊಂದು ಶುಲ್ಕ ಅಂದಿತು. ಫ್ರಾನ್ಸ್ 2022ರಲ್ಲಿ ಶುಲ್ಕವನ್ನೇ ತೆಗೆದು ತೆರಿಗೆ ಹಣ ಕೊಡತೊಡಗಿತು. ಜಪಾನ್ 2025ರ ಅಕ್ಟೋಬರ್‌ನಿಂದ ಎನ್‌ಎಚ್‌ಕೆಯ ಆನ್‌ಲೈನ್ ಸೇವೆಯನ್ನೂ ಶುಲ್ಕದ ಲೆಕ್ಕಕ್ಕೆ ತಂದಿತು.

ನಮ್ಮಲ್ಲಿ? ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ 'ವೇವ್ಸ್' ಅನ್ನೋ ಸ್ವಂತ ಒಟಿಟಿ ಶುರು ಮಾಡಿತು. ಸಂತೋಷ. ಆದರೆ ನಿಜ ಹೇಳಿ, 'ಥಟ್ ಅಂತ ಹೇಳಿ' ನೋಡಬೇಕು ಅನ್ನಿಸಿದರೆ ನಿಮ್ಮ ಬೆರಳು ಮೊದಲು ಎಲ್ಲಿಗೆ ಹೋಗುತ್ತೆ? ನನ್ನದಂತೂ ಯೂಟ್ಯೂಬ್‌ಗೇ ಹೋಗುತ್ತೆ. ಚಂದನದ ಕಾರ್ಯಕ್ರಮ ಅಮೆರಿಕದಲ್ಲಿರೋ ಕನ್ನಡಿಗನಿಗೂ ಸಿಗ್ತಿದೆ, ಅದು ದೊಡ್ಡ ಲಾಭ, ನಾನು ಇಲ್ಲ ಅನ್ನಲ್ಲ. ಆದರೆ ಅದರ ಪಕ್ಕದಲ್ಲಿ ಯಾವ ವಿಡಿಯೊ ಬರಬೇಕು, ಅದನ್ನ ಯಾರಿಗೆ ತೋರಿಸಬೇಕು, ಯಾರಿಗೆ ಮುಚ್ಚಿಡಬೇಕು ಅನ್ನೋದನ್ನ ನಿರ್ಧರಿಸೋದು ಬೆಂಗಳೂರೂ ಅಲ್ಲ, ದೆಹಲಿಯೂ ಅಲ್ಲ. ತರಂಗ ಸಾರ್ವಜನಿಕ ಆಸ್ತಿ ಅಂದ ಕೋರ್ಟಿನ ಮಾತು ತರಂಗ ಇದ್ದಲ್ಲಿಗೆ ಮಾತ್ರ. ಈ ಅಲ್ಗಾರಿದಮ್ ಯಾರ ಆಸ್ತಿ? ಅದರ ಮೇಲೆ ಸಿಟ್ಟು ಬಂದರೆ ಕಾಗದ ಬರೆಯೋಣ ಅಂದರೆ ಯಾವ ಪೋಸ್ಟಾಫೀಸು?

"ಖಾಸಗಿ ಚಾನೆಲ್‌ನಲ್ಲಿ ಕೂತು ನೀನ್ಯಾಕಪ್ಪಾ ಇದನ್ನ ಹೇಳ್ತೀಯಾ?" ಅಂತ ನೀವು ಕೇಳಬಹುದು. ಕೇಳಬೇಕು. ನನ್ನ ಸಂಬಳ ಬರೋದು ಜಾಹೀರಾತಿನಿಂದ. ನಾನು ಈಗ ಮಾತಾಡಿದ್ದೂ ಇವತ್ತು ರಾತ್ರಿ ಯೂಟ್ಯೂಬ್‌ಗೆ ಹೋಗುತ್ತೆ. ನಾಳೆ ಬೆಳಗ್ಗೆ ಆಫೀಸಿಗೆ ಹೋದ ತಕ್ಷಣ ನಾನು ನೋಡೋದು ಎಷ್ಟು ಜನ ನೋಡಿದರು ಅನ್ನೋ ಅಂಕಿಯನ್ನ. ಬರದ ಬಗ್ಗೆ ಮಾಡಿದ ಅರ್ಧ ಗಂಟೆಗಿಂತ ಯಾರೋ ಇಬ್ಬರು ನಟರ ಜಗಳದ ಎರಡು ನಿಮಿಷಕ್ಕೆ ಹೆಚ್ಚು ಅಂಕಿ ಬಂದಾಗ, ನಾಳೆ ಯಾವುದನ್ನ ಮಾಡ್ತೀವಿ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ಇದನ್ನ ಒಪ್ಪಿಕೊಳ್ಳೋಕೆ ನನಗೆ ನಾಚಿಕೆ ಇದೆ, ಆದರೆ ಸುಳ್ಳು ಹೇಳಲಾರೆ. ಅದಕ್ಕೇ, ಈ ಅಂಕಿಯ ಹಂಗಿಲ್ಲದ ಒಂದು ಚಾನೆಲ್ ಆದರೂ ಇರಬೇಕು ಅಂತ ನಾನು ಹೇಳ್ತಿರೋದು.

ಲೈಸೆನ್ಸ್ ಮತ್ತೆ ತನ್ನಿ ಅಂತ ನಾನು ಹೇಳ್ತಿಲ್ಲ. ಅದು ಆಗದ ಮಾತು, ಬಡವನಿಗೆ ಅದು ನ್ಯಾಯವೂ ಅಲ್ಲ. ಆದರೆ ಪ್ರಸಾರ ಭಾರತಿಗೆ ಹೋಗುವ ಹಣ ನಮ್ಮದೇ ತೆರಿಗೆ. ಅದನ್ನ ಹಲವು ವರ್ಷಕ್ಕೆ ಮೊದಲೇ ಕಾನೂನಿನಲ್ಲಿ ಕಟ್ಟಿಡಬಹುದು, ಪ್ರತಿ ವರ್ಷ ಮಂತ್ರಿಗಳ ಬಾಗಿಲು ಕಾಯುವಂತೆ ಮಾಡಬೇಕಿಲ್ಲ. ಯೂಟ್ಯೂಬ್‌ಗೆ ಹಾಕಲಿ, ಆದರೆ ಕನ್ನಡದ ಹಳೇ ದನಿ, ಹಳೇ ಚಿತ್ರಗಳ ಅಸಲು ನಮ್ಮ ಮನೆಯಲ್ಲೇ, ನಮ್ಮ ಬೀಗದೊಳಗೇ ಇರಲಿ. ಸಂತೆಯ ಯಜಮಾನ ನಾಳೆ ಅಂಗಡಿ ಎತ್ತು ಅಂದರೆ ಎದ್ದು ಬರೋಕೆ ಒಂದು ಮನೆ ಬೇಕಲ್ಲ?

ಅಪ್ಪನ ಪುಸ್ತಕದ ಕೊನೆಯ ಪುಟಗಳು ಖಾಲಿ ಇವೆ. ಆ ಪುಟಗಳಿಗೆ ಬೀಳಬೇಕಿದ್ದ 15 ರೂಪಾಯಿ ನಮಗೆ ಉಳೀತು ಅಂತ ನಲವತ್ತು ವರ್ಷ ಅಂದುಕೊಂಡಿದ್ದೀವಿ. ನಮ್ಮ ಬದಲು ಆ ಬಿಲ್ ಕಟ್ಟಿದವರು ಯಾರು, ಅದಕ್ಕೆ ಪ್ರತಿಯಾಗಿ ಅವರು ನಮ್ಮಿಂದ ಏನು ತಗೊಂಡರು? ಇವತ್ತು ರಾತ್ರಿ ಮೊಬೈಲ್ ಕೆಳಗಿಟ್ಟ ಮೇಲೆ ಒಂದು ನಿಮಿಷ ಯೋಚನೆ ಮಾಡಿ.