ಸಮರತಂತ್ರ ವಾಯುದಳವೂ ಬೀದರ ಸೀಮೆಯೂ

ಬೀದರ, ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳು 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರುವವರೆಗೆ ಹೈದರಾಬಾದ್ ರಾಜ್ಯದ ಭಾಗಗಳಾಗಿದ್ದುವು. ಆದುದರಿಂದ ಎರಡನೆಯ ಮಹಾಯುದ್ಧದೊಡನೆ ಈ ಸೀಮೆಗಿದ್ದ ಸಂಬಂಧವನ್ನು ನಾವು ಹೈದರಾಬಾದಿನ ಚರಿತ್ರೆಯ ಮೂಲಕವೇ ಅರಸಬೇಕಾಗುತ್ತದೆ.

ಸಮರತಂತ್ರ ವಾಯುದಳವು ದೂರದ ನಗರಗಳನ್ನೂ ಕಾರ್ಖಾನೆಗಳನ್ನೂ ನಾಶಪಡಿಸುವ ಬಾಂಬರ್ ಪಡೆಯಿಂದ ಭಿನ್ನವಾದುದು. ರಣರಂಗದ ಆಕಾಶವನ್ನು ಕಾಯುವುದು, ಶತ್ರುವಿನ ಸಾಗಣೆಯ ದಾರಿಗಳನ್ನು ಕಡಿಯುವುದು, ಭೂಸೇನೆಯ ಮುನ್ನಡೆಗೆ ಅಡ್ಡವಾದ ಠಾಣ್ಯಗಳನ್ನು ಹೊಡೆಯುವುದು, ಇವು ಅದರ ಕಾರ್ಯಗಳು. ಉತ್ತರ ಆಫ್ರಿಕದ ಕಾಳಗಗಳಲ್ಲಿ ಪಕ್ವಗೊಂಡ ಈ ಪದ್ಧತಿಯನ್ನು ಬರ್ಮಾ ರಂಗಕ್ಕೂ ಅಳವಡಿಸಿ, 1943ರ ಡಿಸೆಂಬರಿನಲ್ಲಿ ಮೂರನೆಯ ಸಮರತಂತ್ರ ವಾಯುದಳವನ್ನು ರಚಿಸಲಾಯಿತು. ಏರ್ ಮಾರ್ಷಲ್ ಜಾನ್ ಬಾಲ್ಡ್‌ವಿನ್ ಅದರ ಅಧಿಪತಿ. ಜನರಲ್ ಸ್ಲಿಮ್ಮನ ಹದಿನಾಲ್ಕನೆಯ ಸೇನೆಗೆ ನೆರವಾಗುವುದು ಅದರ ಮುಖ್ಯ ಕರ್ತವ್ಯ. 1944ರಲ್ಲಿ ಇಂಫಾಲವು ಮುತ್ತಿಗೆಗೊಳಗಾದಾಗ, ಅರ್ಜನ್ ಸಿಂಗರ ನಾಯಕತ್ವದ ಭಾರತೀಯ ವಾಯುಸೇನೆಯ ಒಂದನೆಯ ಸ್ಕ್ವಾಡ್ರನ್ ಅಲ್ಲಿ ಸೇವೆ ಸಲ್ಲಿಸಿತು.

ಈ ರಂಗಕ್ಕೆ 1943ರ ಅಂತ್ಯದಲ್ಲಿ ಬಂದ ಸ್ಪಿಟ್‌ಫೈರ್ ಪಡೆಗಳಲ್ಲಿ 152ನೆಯ 'ಹೈದರಾಬಾದ್' ಸ್ಕ್ವಾಡ್ರನ್ ಒಂದು. ನಿಜಾಮರ ಶಿರೋಭೂಷಣವಾದ 'ದಸ್ತಾರ'ವೇ ಅದರ ಲಾಂಛನವಾಗಿದ್ದಿತು. ನಿಜಾಮರು ಬ್ರಿಟಿಷ್ ವಾಯುಪಡೆಗಿತ್ತ ಕಾಣಿಕೆಯ ಸ್ಮರಣೆಗಾಗಿ ಬಂದ ಹೆಸರಿದು. ಕಾಣಿಕೆಯ ಕೀರ್ತಿ ಅರಸನಿಗೆ ಸಂದಿತು. ಆದರೆ ಆ ರಾಜ್ಯದ ಐಶ್ವರ್ಯಕ್ಕೆ ರೈತನು ತೆತ್ತ ಕಂದಾಯವೇ ಬುನಾದಿಯಾಗಿದ್ದಿತೆಂಬುದನ್ನು ಚರಿತ್ರಕಾರನು ಮರೆಯಲಾಗದು.

ಐದು ವರ್ಷಗಳೊಳಗೆ ಇದೇ ಯುದ್ಧಪದ್ಧತಿಯನ್ನು ಬೀದರವೇ ಕಣ್ಣಾರೆ ಕಂಡಿತು. 1948ರಲ್ಲಿ ಸಿಡ್ನಿ ಕಾಟನ್ ಎಂಬ ವೈಮಾನಿಕನು ಕರಾಚಿಯಿಂದ ನಿಜಾಮರ ರಾಜ್ಯಕ್ಕೆ ಗುಟ್ಟಾಗಿ ಶಸ್ತ್ರಗಳನ್ನು ಸಾಗಿಸುತ್ತಿದ್ದನು. ಅವನ ವಿಮಾನಗಳು ಇಳಿಯುತ್ತಿದ್ದ ತಾಣಗಳಲ್ಲಿ ಬೀದರವೂ ಒಂದು. ಆ ವರ್ಷದ ಮೇ ತಿಂಗಳಲ್ಲಿ ಇದೇ ಜಿಲ್ಲೆಯ ಗೋರಟಾ ಗ್ರಾಮವು ರಜಾಕಾರರ ಹತ್ಯಾಕಾಂಡಕ್ಕೆ ತುತ್ತಾಗಿದ್ದಿತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಗಡಿ ದಾಟಿತು. ಟೆಂಪೆಸ್ಟ್ ವಿಮಾನಗಳು ಭೂಸೇನೆಗೆ ಬೆಂಬಲವಾಗಿ ಹಾರಿದುವು. ಬೀದರದ ವಿಮಾನ ನಿಲ್ದಾಣವೂ ಬಾಂಬುದಾಳಿಗೊಳಗಾಯಿತು. 17ರಂದು ಸೇನೆ ಬೀದರವನ್ನು ಪ್ರವೇಶಿಸಿತು. ಮರುದಿನ ಹೈದರಾಬಾದಿನ ಸೇನೆ ವಿಧ್ಯುಕ್ತವಾಗಿ ಶರಣಾಯಿತು.

ಬರ್ಮಾ ರಂಗದಲ್ಲಿ ಹೈದರಾಬಾದಿನ ಹೆಸರು ಹೊತ್ತು ಹಾರಿದ ಪಡೆಯನ್ನು ಈ ಸೀಮೆಯ ಪ್ರಜೆ ಕಾಣಲಿಲ್ಲ. ತನ್ನ ನೆತ್ತಿಯ ಮೇಲೆ ಹಾರಿದ ವಿಮಾನಗಳನ್ನು ಕಂಡನು. ಮೊದಲನೆಯದರಲ್ಲಿ ಅವನ ಸಮ್ಮತಿಯನ್ನು ಯಾರೂ ಕೇಳಿರಲಿಲ್ಲ. ಎರಡನೆಯದರಿಂದ ಅವನು ಪ್ರಜಾಧಿಪತ್ಯದ ಪೌರನಾಗುವ ದಾರಿ ತೆರೆಯಿತು. ಬೀದರ ಸೀಮೆಯ ಚರಿತ್ರೆಯಲ್ಲಿ ಇವೆರಡನ್ನೂ ಜೊತೆಗಿಟ್ಟು ಪರಿಶೀಲಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.