18 ಕೋರ್, 62,806 ಪಟ್ಟು: ಸಮಾಂತರ ಗಣನೆಯಲ್ಲಿ ತಂತ್ರಾಂಶದ ಪಾಲು

ಸಮಾಂತರ ಗಣನೆಯ ಚರ್ಚೆ ಎಲ್ಲೇ ನಡೆದರೂ 1967ರಲ್ಲಿ ಜೀನ್ ಆಮ್ಡಾಲ್ ಮಂಡಿಸಿದ ವಾದ ಅಲ್ಲಿ ಬಂದೇ ಬರುತ್ತದೆ. ಕೆಲಸದ ಶೇ. 5ರಷ್ಟನ್ನು ಹಂಚಿಕೊಳ್ಳಲು ಬಾರದಿದ್ದರೆ, ಎಷ್ಟು ಪ್ರೊಸೆಸರ್ ಕೂಡಿಸಿದರೂ ವೇಗ 20 ಪಟ್ಟು ದಾಟದು. ಲೆಕ್ಕವೇನೋ ಸರಿ. ಆದರೆ ಆ ಹಂಚಲಾಗದ ಭಾಗ ಸಮಸ್ಯೆಯ ಹುಟ್ಟುಗುಣವೋ, ಪ್ರೊಗ್ರಾಮ್ ಬರೆದವರ ಕೈಗುಣವೋ ಎಂಬುದನ್ನು ಸೂತ್ರ ಹೇಳುವುದಿಲ್ಲ. ಪ್ರಕಟವಾಗಿರುವ ಒಂದು ಪಟ್ಟಿಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಿದ್ದೇನೆ.

ಎಂಐಟಿಯ ಚಾರ್ಲ್ಸ್ ಲೈಸರ್ಸನ್ ಮತ್ತು ಸಂಗಡಿಗರು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಪಟ್ಟಿಯನ್ನು ಕೊಟ್ಟರು. ಕೆಲಸ ಒಂದೇ: 4096 ಸಾಲು, 4096 ಕಂಬಗಳ ಎರಡು ಮಾತೃಕೆಗಳ ಗುಣಾಕಾರ. ಯಂತ್ರವೂ ಒಂದೇ: 18 ಕೋರ್‌ಗಳ ಇಂಟೆಲ್ ಕಂಪ್ಯೂಟರ್. ಪೈಥಾನಿನಲ್ಲಿ ನೇರವಾಗಿ ಬರೆದದ್ದು 25,552 ಸೆಕೆಂಡ್, ಅಂದರೆ ಏಳು ಗಂಟೆಗೂ ಮೇಲೆ ತೆಗೆದುಕೊಂಡಿತು. ಸಿ ಭಾಷೆಯಲ್ಲಿ 542.67 ಸೆಕೆಂಡ್. ಕೊನೆಯ ರೂಪ 0.41 ಸೆಕೆಂಡಿನಲ್ಲಿ ಮುಗಿಯಿತು. ಒಟ್ಟು ಗಳಿಕೆ 62,806 ಪಟ್ಟು. ಎಲ್ಲರೂ ಎತ್ತಿ ಹೇಳುವ ಅಂಕಿ ಇದು. ಇದರೊಳಗಿನ 47 ಪಟ್ಟು ಬರೀ ಪೈಥಾನಿನಿಂದ ಸಿ-ಗೆ ಬಂದದ್ದರ ಫಲ. ಸಮಾಂತರತೆಗೂ ಅದಕ್ಕೂ ಸಂಬಂಧವಿಲ್ಲ.

ನಮಗೆ ಬೇಕಾದದ್ದು ನಡುವಿನ ಎರಡು ಸಾಲುಗಳು. ಸಿ ಪ್ರೊಗ್ರಾಮಿನ ಲೂಪುಗಳನ್ನು 18 ಕೋರ್‌ಗಳಿಗೂ ಹಂಚಿದಾಗ ಕಾಲ 69.80 ಸೆಕೆಂಡಿಗೆ ಇಳಿಯಿತು. 18 ಕೈಗಳು ಸೇರಿದರೂ ಲಾಭ 7.8 ಪಟ್ಟು ಮಾತ್ರ. ಆಮ್ಡಾಲ್ ಸೂತ್ರವನ್ನು ಹಿಂದುಮುಂದಾಗಿ ಹಾಕಿದರೆ, ಹಂಚಲಾಗದ ಭಾಗ ಸುಮಾರು ಶೇ. 7.7 ಎಂದು ಬರುತ್ತದೆ. ಹಾಗಿದ್ದರೆ ಈ ಕೆಲಸ ಯಾವ ಯಂತ್ರದಲ್ಲೂ 13 ಪಟ್ಟು ಮೀರಬಾರದು. ಇಲ್ಲಿಗೇ ನಿಂತ ಸಂಶೋಧಕ ‘ಸಮಸ್ಯೆಯ ಮಿತಿ ಇಷ್ಟೇ’ ಎಂದು ಬರೆದು ಮುಗಿಸುತ್ತಿದ್ದ.

ಮುಂದಿನ ಸಾಲಿನಲ್ಲಿ ಅದೇ ಕೋರ್‌ಗಳು, ಅದೇ ಗುಣಾಕಾರ, ಕಾಲ 3.80 ಸೆಕೆಂಡ್. ಒಂದು ಕೋರನ್ನೂ ಕೂಡಿಸದೆ ಇನ್ನೂ 18 ಪಟ್ಟು ವೇಗ. ಸುಮಾರು 13,744 ಕೋಟಿ ಅಂಕಗಣಿತದ ಕ್ರಿಯೆಗಳಲ್ಲಿ ಒಂದನ್ನೂ ಕಡಿಮೆ ಮಾಡಿಲ್ಲ, ಅವುಗಳ ಸರದಿಯನ್ನಷ್ಟೇ ಬದಲಿಸಿದ್ದಾರೆ. ಒಂದೊಂದು ಮಾತೃಕೆಗೂ 13 ಕೋಟಿ ಬೈಟ್‌ಗಿಂತ ಹೆಚ್ಚು ಜಾಗ ಬೇಕು. ಚಿಪ್ಪಿನೊಳಗಿನ ಕ್ಯಾಷ್ ಸ್ಮೃತಿಯಲ್ಲಿ ಅದು ಹಿಡಿಸುವುದಿಲ್ಲ. ಲೂಪಿನ ಕ್ರಮದಲ್ಲಿ ಹೋದರೆ, ಒಮ್ಮೆ ತಂದ ಸಂಖ್ಯೆ ಮತ್ತೆ ಬೇಕಾಗುವ ಹೊತ್ತಿಗೆ ಕ್ಯಾಷ್‌ನಿಂದ ಹೊರಬಿದ್ದಿರುತ್ತದೆ. ಒಲೆಗಳು ಹದಿನೆಂಟಿದ್ದು, ಎಲ್ಲ ಅಡುಗೆಯವರೂ ಒಂದೇ ಉಗ್ರಾಣದ ಬಾಗಿಲಲ್ಲಿ ಸಾಲು ನಿಂತಂಥ ಸ್ಥಿತಿ. ಹೊಸ ಪ್ರೊಗ್ರಾಮು ಮಾತೃಕೆಯನ್ನು ಒಡೆದು, ಒಡೆದು, ಕ್ಯಾಷ್‌ನಲ್ಲಿ ಹಿಡಿಯುವಷ್ಟು ಚಿಕ್ಕ ತುಂಡು ಮಾಡಿಕೊಂಡು, ಕೈಗೆ ಬಂದ ತುಂಡಿನ ಕೆಲಸವನ್ನೆಲ್ಲ ಮುಗಿಸಿಯೇ ಅದನ್ನು ಬಿಡುತ್ತದೆ. ಶೇ. 7.7 ಎಂದು ಕಂಡದ್ದು ಹಂಚಲಾಗದ ಕೆಲಸವಾಗಿರಲೇ ಇಲ್ಲ. ಸ್ಮೃತಿಗಾಗಿ ಕಾದ ಕಾಲ ಅದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಒಡೆದು ಮಾಡುವ ಕ್ರಮ ಒಂದೇ ಕೋರ್‌ನಲ್ಲೂ ಲಾಭ ಕೊಡುತ್ತಿತ್ತು, ಆದರೆ ಆ ಅಳತೆ ಪಟ್ಟಿಯಲ್ಲಿಲ್ಲ. ಹಾಗಾಗಿ ಈ 18 ಪಟ್ಟಿನಲ್ಲಿ ಸಮಾಂತರತೆಯ ಪಾಲೆಷ್ಟು, ಕ್ಯಾಷ್ ಬಳಕೆಯ ಪಾಲೆಷ್ಟು ಎಂದು ಬಿಡಿಸಲು ಬರುವುದಿಲ್ಲ. ಮಾತೃಕೆಯ ಗುಣಾಕಾರ ತೀರ ಶಿಸ್ತಿನ ಲೆಕ್ಕ ಎಂಬುದನ್ನೂ ನೆನಪಿಡಬೇಕು. ಅಡ್ಡಾದಿಡ್ಡಿ ಕೊಂಡಿಗಳ ಜಾಲದ ಮೇಲಿನ ಗಣನೆಯಿಂದ ಇಷ್ಟು ಗಳಿಕೆ ನಿರೀಕ್ಷಿಸಲಾಗದು.

3.80ರಿಂದ 0.41ಕ್ಕೆ ಇಳಿಸಿದ ಕೊನೆಯ ಹೆಜ್ಜೆಗಳು ಒಂದೇ ಆದೇಶದಲ್ಲಿ ಹಲವು ಸಂಖ್ಯೆಗಳನ್ನು ಸಂಸ್ಕರಿಸುವ ಸೌಲಭ್ಯದಿಂದ ಬಂದವು. ಅದರಲ್ಲೂ ಕಟ್ಟಕಡೆಯದು ಆ ಚಿಪ್ ಕುಟುಂಬದ ಆದೇಶಗಳನ್ನು ಹೆಸರು ಹಿಡಿದು ಕರೆಯುತ್ತದೆ. ಬೇರೆ ಜಾತಿಯ ಚಿಪ್ಪಿಗೆ ಅದನ್ನು ಮತ್ತೆ ಬರೆಯಬೇಕು. ಈ ತೊಡಕು ಭಾರತಕ್ಕೆ ಹೊಸದಲ್ಲ. ಬೆಂಗಳೂರಿನ ಎನ್‌ಎಎಲ್ 1986ರಲ್ಲಿ ದ್ರವಚಲನೆಯ ಸಮೀಕರಣಗಳಿಗೆಂದು ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರನ್ನು ಕಟ್ಟಿತು, ಪುಣೆಯ ಸಿಡ್ಯಾಕ್ 1991ರಲ್ಲಿ ಟ್ರಾನ್ಸ್‌ಪ್ಯೂಟರ್ ಚಿಪ್‌ಗಳಿಂದ ಪರಮ್ 8000 ಎಂಬ ಸಮಾಂತರ ಯಂತ್ರವನ್ನು ಕಟ್ಟಿತು. ಟ್ರಾನ್ಸ್‌ಪ್ಯೂಟರಿಗೆಂದೇ ಆಕಮ್ ಎಂಬ ಭಾಷೆಯಿತ್ತು. ಚಿಪ್ ಮರೆಯಾದಂತೆ ಭಾಷೆಯೂ ಬಹುಮಟ್ಟಿಗೆ ಮರೆಯಾಯಿತು. 1994ರ ಎಂಪಿಐ ಮಾನಕ ಯಾವ ಕಂಪನಿಯ ಚಿಪ್ಪನ್ನೂ ನೆಚ್ಚಿಕೊಳ್ಳದೆ ಫೋರ್ಟ್ರಾನ್, ಸಿ ಪ್ರೊಗ್ರಾಮುಗಳು ಪರಸ್ಪರ ಸಂದೇಶ ಕಳಿಸುವ ವಿಧಾನವನ್ನು ನಿಗದಿ ಮಾಡಿತು, ಇಂದಿಗೂ ಬಳಕೆಯಲ್ಲಿದೆ. ಅತಿ ವೇಗದ ಸಾಲು ಅತಿ ಬೇಗ ಹಳತಾಗುತ್ತದೆ ಎಂಬುದು ನನ್ನ ಅಂದಾಜು.

ಸಮಾಂತರ ಪ್ರೊಗ್ರಾಮಿನ ವೇಗವರ್ಧನೆಯನ್ನು ಪ್ರಕಟಿಸುವವರಲ್ಲಿ ಒಂದು ವಿನಂತಿ: ಕೋರ್‌ಗಳ ಸಂಖ್ಯೆಯ ಪಕ್ಕದಲ್ಲಿ ಅದೇ ಪ್ರೊಗ್ರಾಮು ಒಂದು ಕೋರ್‌ನಲ್ಲಿ ತೆಗೆದುಕೊಂಡ ಕಾಲವನ್ನೂ, ದತ್ತಾಂಶವನ್ನು ಸ್ಮೃತಿಯಲ್ಲಿ ಜೋಡಿಸಿದ ಕ್ರಮವನ್ನೂ ದಯವಿಟ್ಟು ನಮೂದಿಸಿ.